ಚಿನ್ನದ ದರದ ಕೆಳಗೆ

ರಾಬರ್ಟ್‌ಸನ್‌ಪೇಟೆಯ ಭಜನೆ ಮಂದಿರದಲ್ಲಿ ಶನಿವಾರದ ಕಾವ್ಯವಾಚನ ಶುರುವಾಗಬೇಕಾದರೆ ಮೊದಲು ಕೋದಂಡಪ್ಪ ಬಂದು ಕೂರಬೇಕು. ಓದುವವರು ಪುಸ್ತಕ ಬಿಚ್ಚಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿರುತ್ತಾರೆ. ಇಸ್ತ್ರಿ ಅಂಗಡಿಯ ಕೆಂಡ ಆರಿಸಿ, ಕೈಕಾಲು ತೊಳೆದು, ಹೆಗಲಿಗೆ ಮಡಿಸಿದ ಟವೆಲ್ ಹಾಕಿಕೊಂಡು ಅವನು ಬಂದು, ಕಂಬಕ್ಕೆ ಒರಗದೆ ನೆಟ್ಟಗೆ ಕೂತನೆಂದರೆ ಆಮೇಲೆ ರಾಗ ಏಳುತ್ತದೆ. ಕೋದಂಡಪ್ಪ ಹಾಡುವವನಲ್ಲ, ಅರ್ಥ ಬಿಡಿಸುವವನೂ ಅಲ್ಲ. ಕೇಳುವವನು. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ತಾತನ ತೊಡೆಯ ಮೇಲೆ ಕೂತು ಕೇಳುವುದನ್ನು ಕಲಿತವನು. ಕಣ್ಣು ಮುಚ್ಚಿ ಕೈ ಮುಗಿದು ಕೂತರೆ, ಕಿವಿಗೆ ಬಿದ್ದದ್ದರಲ್ಲಿ ಒಂದಕ್ಷರವೂ ಆಚೆ ಹೋಗುತ್ತಿರಲಿಲ್ಲ.

ಆ ಮಂದಿರಕ್ಕೆ ಒಂದು ಕಟ್ಟಳೆಯಿದೆ. ಓದುವವರು ಪುಸ್ತಕ ಮುಚ್ಚಿ, ಮಂಗಳ ಹಾಡಿ, ಆರತಿ ಎತ್ತಿ, ಕೋಸಂಬರಿ ಕೈಗೆ ಬರುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಸಂದೇಹವಿದ್ದರೂ ಆಮೇಲೆ, ಜಗಳವಿದ್ದರೂ ಆಮೇಲೆ. ಆಗಲೂ ಮೊದಲ ಮಾತು ಕೋದಂಡಪ್ಪನದು. ಅವನು ಎದ್ದು ಗಂಟಲು ಸರಿಮಾಡಿಕೊಂಡ ಮೇಲೆ ಮಿಕ್ಕವರದು. ಕೆಟ್ಟದ್ದೆಲ್ಲ ಆದದ್ದು ಈ ಕಟ್ಟಳೆಯಿಂದಲೇ.

‘ಉದಯರೇಖೆ’ ಅಂದರೆ ನಾಡಿನ ದೊಡ್ಡ ಪತ್ರಿಕೆ. ಅದರ ತಾಲ್ಲೂಕು ಪುಟ ಅಚ್ಚಿನಿಂದ ಮಾಯವಾಗಿ ಕೆಲವು ವರ್ಷಗಳಾಗಿದ್ದವು. ಆದರೆ ವೆಬ್‌ಸೈಟಿನಲ್ಲಿ ಬಂಗಾರಪೇಟೆ–ಕೆಜಿಎಫ್ ಪುಟ ಉಳಿದಿತ್ತು. ಅದರ ತಳದಲ್ಲಿ ‘ನಿಧನ’ ಎಂಬ ಅಂಕಣ. ತೀರಿಕೊಂಡವರಿಗೆ ತಲಾ ನಾಲ್ಕು ಸಾಲು: ಹೆಸರು, ವಯಸ್ಸು, ಊರು, ಮಾಡುತ್ತಿದ್ದ ಕೆಲಸ, ಹಿಂದೆ ಉಳಿದವರು, ಅಂತ್ಯಕ್ರಿಯೆ. ಬಂಗಾರಪೇಟೆಯ ಕಚೇರಿಗೆ ಹೋಗಿ ಬಾಯಲ್ಲಿ ಹೇಳಿದರೆ ಸಾಕಿತ್ತು, ಕಾಸು ಕೇಳುತ್ತಿರಲಿಲ್ಲ. ಗಣಿ ಮುಚ್ಚಿದ ಮೇಲೆ ಹೊಸೂರು, ವೆಲ್ಲೂರು ಅಂತ ಚೆದುರಿ ಹೋದ ಜನ ಆ ಸಾಲುಗಳನ್ನು ನೋಡಿಕೊಂಡೇ ಊರಿಗೆ ರೈಲು ಹತ್ತುತ್ತಿದ್ದರು. ಬದುಕಿದ್ದಾಗ ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಹೆಸರು ಕಾಣದವರಿಗೆ ಸತ್ತ ಮಾರನೆಯ ದಿನ ಪತ್ರಿಕೆಯಲ್ಲೊಂದು ಜಾಗ.

ಕೋದಂಡಪ್ಪನ ಹೆಂಡತಿ ತಾಯಮ್ಮ ಬೆಳಿಗ್ಗೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಫೋನಿನಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕಪಕ್ಕದ ಅಂಗಡಿಯವರು, ಹೂವಿನವರು, ಆಟೊದವರು ನಿಂತು ಕೇಳುತ್ತಿದ್ದರು. ಅವಳು ‘ನಿಧನ’ ಅಂದ ಕೂಡಲೇ ಕೋದಂಡಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಕಲ್ಲಿನ ಮೇಲಿಡುತ್ತಿದ್ದ. ಬೆಮೆಲ್ ಫ್ಯಾಕ್ಟರಿಯವರು ಸಮವಸ್ತ್ರಕ್ಕೆ ಅವಸರ ಮಾಡುತ್ತ ಎದುರಿಗೇ ನಿಂತಿದ್ದರೂ ಸರಿ, ನಾಲ್ಕನೆಯ ಸಾಲು ಮುಗಿಯುವ ತನಕ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ.

ಪತ್ರಿಕೆಯವರು ವೆಬ್‌ಸೈಟನ್ನು ಹೊಸದಾಗಿ ಕಟ್ಟಲು ಹೊರಟರು. ಊರೂರಿಗೆ ಹೋಗಿ ಓದುಗರ ಸಭೆ ಮಾಡುತ್ತೇವೆ, ಅವರು ಒಪ್ಪಿದ್ದನ್ನೇ ಮಾಡುತ್ತೇವೆ ಅಂದರು. ಕೆಜಿಎಫ್‌ನ ಸಭೆಗೆ ಭಜನೆ ಮಂದಿರವನ್ನೇ ಕೇಳಿದರು. ಬಂದು ಕೂತವರಲ್ಲಿ ಬಹುಪಾಲು ಶನಿವಾರದ ಮಂದಿಯೇ.

ಹೊಸ ವಿನ್ಯಾಸದ ಮುಖ್ಯಸ್ಥೆ ಶ್ಯಾಮಲಾ ಬೆಂಗಳೂರಿನಿಂದ ಬಂದಿದ್ದಳು. ಗೋಡೆಗೆ ಬಿಳಿ ಪರದೆ ಕಟ್ಟಿ, ವಾಚನದ ಪೀಠದ ಮೇಲೆಯೇ ಲ್ಯಾಪ್‌ಟಾಪ್ ತೆರೆದಿಟ್ಟು ಮಾತಿಗೆ ತೊಡಗಿದಳು. ಒಳ್ಳೆಯ ಕಂಠ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಬೇಕು ಅನ್ನುವುದು ಗೊತ್ತಿದ್ದ ಹೆಣ್ಣುಮಗಳು. ಕೋದಂಡಪ್ಪನಿಗೆ ಹಿಡಿಸಿತು. ಕಣ್ಣು ಮುಚ್ಚಿದ, ಕೈ ಮುಗಿದ.

“ನಮ್ಮ ಸೈಟಲ್ಲಿ ಜನ ಅತಿ ಹೆಚ್ಚು ನೋಡೋದು ಏನು ಗೊತ್ತಾ?” ಎಂದಳು ಶ್ಯಾಮಲಾ. “ರಾಜಕೀಯ ಅಲ್ಲ, ಸಿನಿಮಾನೂ ಅಲ್ಲ. ಚಿನ್ನದ ದರ. ಬೆಳಿಗ್ಗೆ ಎದ್ದರೆ ಇಡೀ ನಾಡು ಆ ಪುಟದಲ್ಲಿರುತ್ತೆ. ಕೆಳಗಡೆ ಜನ ಅವರವರೇ ಮಾತಾಡ್ಕೋತಾ ಇರ್ತಾರೆ. ಜಾಹೀರಾತೆಲ್ಲ ಅಲ್ಲೇ. ಅದನ್ನ ಮುಟ್ಟೋ ಧೈರ್ಯ ನಮ್ಮ ಸಂಪಾದಕರಿಗೂ ಇಲ್ಲ.”

ಚಿನ್ನದ ಊರಿನ ಜನ ನಕ್ಕರು. ಅವಳೂ ನಕ್ಕಳು. ಆಮೇಲೆ ಪುಟ ಪುಟ ತಿರುಗಿಸುತ್ತ ಹೋದಳು. ತಾಲ್ಲೂಕು ಪುಟಗಳು ಜಿಲ್ಲೆಯ ಪುಟದೊಳಗೆ ಸೇರುತ್ತವೆ. ಪ್ರತಿಯೊಬ್ಬರಿಗೂ ಅವರವರ ಆಸಕ್ತಿಯ ಸುದ್ದಿ ತಾನಾಗಿ ಬರುತ್ತದೆ. ‘ನಿಧನ’ದ ಜಾಗದಲ್ಲಿ ‘ಸ್ಮರಣೆ’. ಬಣ್ಣದ ಫೋಟೊ, ಉರಿಯುವ ದೀಪ, ಉದುರುವ ಹೂವು. ಮನೆಯಲ್ಲೇ ಕೂತು ಬೇಕಾದ ಪ್ಯಾಕೇಜು ಆರಿಸಿ ಹಣ ಕಟ್ಟಬಹುದು.

ಕೋದಂಡಪ್ಪನ ಹುಬ್ಬು ಗಂಟಾಯಿತು. ಕಣ್ಣು ತೆರೆಯಲಿಲ್ಲ.

“ಇದಕ್ಕೆ ಯಾರದಾದರೂ ಆಕ್ಷೇಪ ಇದ್ದರೆ ದಯವಿಟ್ಟು ಈಗಲೇ ಹೇಳಿ” ಎಂದಳು ಶ್ಯಾಮಲಾ.

ಸಭೆ ಕೋದಂಡಪ್ಪನ ಕಡೆ ತಿರುಗಿತು. ಮಾತು ಅವನ ಗಂಟಲ ತನಕ ಬಂದಿತ್ತು. ಆದರೆ ಲ್ಯಾಪ್‌ಟಾಪ್ ಇನ್ನೂ ತೆರೆದೇ ಇತ್ತು, ಪೀಠದ ಮುಂದೆ ನಿಂತವಳು ಇನ್ನೂ ನಿಂತೇ ಇದ್ದಳು. ಮುಗಿಸಲಿ, ಮಗು ಮುಗಿಸಲಿ, ಆಮೇಲೆ ಎದ್ದು ನಿಧಾನವಾಗಿ ಹೇಳೋಣ ಅಂದುಕೊಂಡ. ಅವನು ಸುಮ್ಮನಿದ್ದದ್ದಕ್ಕೆ ಎಲ್ಲರೂ ಸುಮ್ಮನಿದ್ದರು. ಸಭೆಯ ವಿಡಿಯೊ ತೆಗೆಯುತ್ತಿದ್ದ, ಪತ್ರಿಕೆಯ ಬಂಗಾರಪೇಟೆ ಕಚೇರಿಯ ಸುಧಾಕರ್ ಗಡಿಯಾರ ನೋಡಿ, “ಮೇಡಮ್, ರೈಲು” ಅಂದ. ಅವಳು ಲ್ಯಾಪ್‌ಟಾಪನ್ನು ತೆರೆದಂತೆಯೇ ಎದೆಗವಚಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ಕಾರು ಹತ್ತಿದಳು. ಬೋಂಡ ಕಾಫಿ ಬಂದದ್ದು ಕಾರು ಹೋದ ಮೇಲೆ. ಕೋದಂಡಪ್ಪ ಎದ್ದು ಗಂಟಲು ಸರಿಮಾಡಿಕೊಂಡ. ಎದುರಿಗೆ ಬಿಳಿ ಪರದೆ ಬಿಟ್ಟರೆ ಯಾರೂ ಇರಲಿಲ್ಲ.

“ನೀನು ಆರತಿಗೆ ಕಾಯ್ತಾ ಕುಂತಿದ್ದೆ, ಆವಮ್ಮ ರೈಲಿಗೆ ಕಾಯ್ತಾ ಇತ್ತು” ಅಂದಳು ತಾಯಮ್ಮ, ಮನೆಗೆ ಬರುವ ದಾರಿಯಲ್ಲಿ.

“ಮುಗಿಯೋಕ್ ಮುಂಚೆ ಎಂಗ್ಲೇ ಬಾಯಾಕೋದು?”

“ಆಕ್ಬೇಕಾಗಿತ್ತು.”

ಹೊಸ ವೆಬ್‌ಸೈಟು ಬಂತು. ಜಿಲ್ಲೆಯ ಪುಟ ತೆರೆದರೆ ಮೊದಲಿಗೇ ಕೋದಂಡಪ್ಪ. ಕಣ್ಣು ಮುಚ್ಚಿ, ಕೈ ಮುಗಿದು, ಪರವಶನಾಗಿ ಕೂತಿದ್ದಾನೆ. ‘ಹೊಸ ವಿನ್ಯಾಸಕ್ಕೆ ಕೈಮುಗಿದ ಓದುಗ: ಕೆಜಿಎಫ್‌ನಲ್ಲಿ ಒಂದು ದನಿಯ ವಿರೋಧವೂ ಇಲ್ಲ’ ಅಂತ ತಲೆಬರಹ. ಅಂಗಡಿಯಿದ್ದ ಗೀತಾ ರಸ್ತೆಯ ಜನ ಬಂದು ಬಂದು ತೋರಿಸಿದರು. “ಏನಣ್ಣ, ಈರೋ ಆಗ್ಬುಟ್ಟೆ” ಅಂದ ಆಟೊದವನೊಬ್ಬ. ಕೋದಂಡಪ್ಪ ಅಂಗಿಯ ಕಾಲರನ್ನು ಎಂದಿಗಿಂತ ಗಟ್ಟಿಯಾಗಿ ಒತ್ತಿದ. ತಾಯಮ್ಮ ಪುಟದ ತಳಕ್ಕೆ ಹೋಗಿ ‘ನಿಧನ’ ಹುಡುಕಿದಳು. ಅಲ್ಲಿ ಒಂದು ದೀಪ ಉರಿಯುತ್ತಿತ್ತು. ಒತ್ತಿದರೆ, ಬೆಳ್ಳಿ, ಬಂಗಾರ, ವಜ್ರ ಎಂಬ ಮೂರು ಬಗೆಯ ಪ್ಯಾಕೇಜು.

ಅದಾದ ಸ್ವಲ್ಪ ದಿನಕ್ಕೇ ಚಾಂಪಿಯನ್ ರೀಫ್ಸ್‌ನ ಕುಪ್ಪುಸ್ವಾಮಿ ತೀರಿಕೊಂಡ.

ಕುಪ್ಪುಸ್ವಾಮಿ ಗಣಿಯಲ್ಲಿ ಬಂಡೆಗೆ ಡ್ರಿಲ್ಲು ಹಿಡಿದವನು. ಮನೆಮಾತು ತಮಿಳು, ಆದರೆ ಶನಿವಾರದ ವಾಚನ ತಪ್ಪಿಸಿದವನಲ್ಲ. “ಅರ್ಥ ಅರ್ಧ ಆಗ್ತದೆ, ರಾಗ ಪೂರಾ ಆಗ್ತದೆ” ಅನ್ನುತ್ತಿದ್ದ. ಗಣಿಯ ದೂಳು ಎದೆಯಲ್ಲಿ ಕೂತಿತ್ತು. ಕೆಮ್ಮು ಬಂದರೆ ಓದಿಗೆ ಅಡ್ಡಿಯಾದೀತೆಂದು ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಓಡುತ್ತಿದ್ದ. ಬೇವಿನ ಮರದ ಕೆಳಗೆ ನಿಂತು ಕೆಮ್ಮಿ ಮುಗಿಸಿ, ಮತ್ತೆ ಮೆಲ್ಲಗೆ ಬಂದು ಕೋದಂಡಪ್ಪನ ಪಕ್ಕ ಕೂರುತ್ತಿದ್ದ. “ಎಲ್ಲಿಗ್ ಬಂತು ಕಥೆ?” ಅಂತ ಕಣ್ಣಲ್ಲೇ ಕೇಳುತ್ತಿದ್ದ.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅವನ ಹೆಂಡತಿ ಮಾರಿಯಮ್ಮ ಇಸ್ತ್ರಿ ಅಂಗಡಿಗೆ ಬಂದಳು. ತಾಯಮ್ಮ ಎದ್ದು ಸ್ಟೂಲು ಕೊಟ್ಟಳು. ಮಾರಿಯಮ್ಮ ಕೂರಲಿಲ್ಲ.

“ಓದಮ್ಮ” ಅಂದಳು. “ನಮ್ಮೋರ್ದು ಬಂದಿರ್ಬೇಕು, ಓದು.”

ತಾಯಮ್ಮ ಗಂಡನ ಮುಖ ನೋಡಿದಳು. “ಈಗ ಆಕೋದಿಲ್ವಂತೆ ಮಾರಿಯಮ್ಮ. ನಿಲ್ಸವ್ರೆ.”

“ನಿಲ್ಸಿದ್ರಾ? ಯಾರ್ನ ಕೇಳಿ?”

ಪಕ್ಕದ ಅಂಗಡಿಯವನು ಕೆಳಗೆ ನೋಡಿದ. ಮಾರಿಯಮ್ಮ ತಾಯಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಕನ್ನಡ ಓದಲು ಬಾರದಿದ್ದರೂ ಫೋಟೊ ಕಾಣಿಸಿತು.

“ನಿನ್ ಮೂತಿ ಇದೆ ಅಣ್ಣಾ, ಎಷ್ಟು ದೊಡ್ಡದಾಗಿದೆ ಪಾರು, ನೋಡು. ನಮ್ಮೋರ್ ಹೆಸ್ರು ಮಾತ್ರ ಇಲ್ಲ.” ಸಿಟ್ಟಿಲ್ಲದ ದನಿ. ಅದನ್ನೇ ಕೋದಂಡಪ್ಪನಿಗೆ ತಡೆಯಲಾಗಲಿಲ್ಲ. “ಅವ್ರ ಅಪ್ಪಂದು ಬಂದಿತ್ತು, ಅಣ್ಣಂದು ಬಂದಿತ್ತು. ಇವ್ರು ಇರೋವಾಗ್ಲೇ ಹೇಳೋರು, ‘ನಂದು ಬಂದಾಗ ಕೋದಂಡ ಪೆಟ್ಟಿಗೆ ಇಳಿಸ್ತಾನೆ ನೋಡು’ ಅಂತ. ಹದಿನಾರನೇ ದಿನ ಕರುಮಾದಿ, ತಿಥಿ. ಅಷ್ಟ್ರೊಳಗೆ ಪೇಪರಲ್ಲಿ ಹೆಸ್ರು ಬರ್ಬೇಕು.”

“ಬತ್ತದೆ” ಅಂದ ಕೋದಂಡಪ್ಪ. ಎಲ್ಲಿಂದ ಬಂತೋ ಆ ಮಾತು, ಅವನಿಗೂ ತಿಳಿಯಲಿಲ್ಲ.

ಅವತ್ತೇ ಅಂಗಡಿ ಮುಚ್ಚಿ ಬಂಗಾರಪೇಟೆಯ ಬಸ್ಸು ಹತ್ತಿದ. ಪತ್ರಿಕೆಯ ಕಚೇರಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಬೇಕರಿಯ ಮಾಳಿಗೆಯಲ್ಲಿ. ಸುಧಾಕರ್ ಎದ್ದು ಕುರ್ಚಿ ಎಳೆದ.

“ಬನ್ನಿ ಬನ್ನಿ ಕೋದಂಡಪ್ಪನವ್ರೇ. ಹೆಡ್ ಆಫೀಸಲ್ಲಿ ನಿಮ್ಮ ಫೋಟೊ ಎಲ್ರಿಗೂ ಇಷ್ಟ ಆಗಿದೆ.”

“ಆ ನಾಕು ಸಾಲು ವಾಪಸ್ ಆಕ್ಬೇಕು ಸಾರ್.”

ಸುಧಾಕರ್ ಕೆಟ್ಟವನಲ್ಲ. ಎಷ್ಟೋ ವರ್ಷ ಆ ಸಾಲುಗಳನ್ನು ಅವನೇ ಬರೆದುಕೊಂಡಿದ್ದ. ಕುಪ್ಪುಸ್ವಾಮಿಯ ಹೆಸರು ಕೇಳಿ ಲೊಚಗುಟ್ಟಿದ. ಆಮೇಲೆ ಕಂಪ್ಯೂಟರು ತಿರುಗಿಸಿ ತೋರಿಸಿದ. ಬರೆಯಲು ಜಾಗವೇ ಇಲ್ಲ. ಹೊಸ ಸೈಟಿನಲ್ಲಿ ಅವನಿಗೆ ಕೊಟ್ಟಿರುವ ಖಾನೆಗಳಲ್ಲಿ ‘ಅಪರಾಧ’ ಇದೆ, ‘ಅಪಘಾತ’ ಇದೆ. ಹಾಸಿಗೆಯಲ್ಲಿ ಸತ್ತವನಿಗೆ ಖಾನೆ ಇಲ್ಲ.

“ರೈಲಿಗೆ ಸಿಕ್ಕಿದ್ದಿದ್ರೆ ಆಕ್ತಿದ್ರಾ?” ಅಂದ ಕೋದಂಡಪ್ಪ.

ಸುಧಾಕರ್ ಮುಖ ಒರೆಸಿಕೊಂಡ. “ನನ್ ಕೈಲಿಲ್ಲ. ಸಭೆ ಮಾಡಿದ್ವಲ್ಲ, ಆವತ್ತು ಒಬ್ರಾದ್ರೂ ಬೇಡ ಅಂದ್ರಾ? ವಿಡಿಯೊ ಇದೆ. ಮೇಡಮ್ ಎರಡು ನಿಮಿಷ ಕಾದಿದಾರೆ. ನೀವು ಕೈ ಮುಗಿದೇ ಕೂತಿದೀರಿ.”

“ಅದು ಒಪ್ಪಿದ್ದಲ್ಲ ಸಾರ್, ಕೇಳ್ತಾ ಇದ್ದಿದ್ದು.”

“ಅದನ್ನ ವಿಡಿಯೊದಲ್ಲಿ ಹೆಂಗ್ ತೋರಿಸೋದು, ಹೇಳಿ?”

ಕೋದಂಡಪ್ಪ ಮೆಟ್ಟಿಲಿಳಿದು ಬಂದ. ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಕೂತವನು ಬೆಮೆಲ್ ನಗರ ದಾಟುವ ತನಕ ಹಲ್ಲು ಕಚ್ಚಿಕೊಂಡೇ ಇದ್ದ. ಅರವತ್ತು ದಾಟುವ ತನಕ ಅವನು ಕೇಳಿಸಿಕೊಂಡ ಯುದ್ಧಗಳೆಷ್ಟೋ, ಶಪಥಗಳೆಷ್ಟೋ. ಒಂದರಲ್ಲೂ ತನ್ನದೊಂದು ಮಾತಿರಲಿಲ್ಲ.

ಮನೆಯಲ್ಲಿ ತಾಯಮ್ಮ ಮುದ್ದೆ ತಿರುವಿ ಇಟ್ಟು, ಫೋನು ಹಿಡಿದು ಕಾದಿದ್ದಳು. “ಇಗಾ, ನೋಡಿಲ್ಲಿ. ನಿನ್ ಫೋಟೊ ಕೆಳಗೆ ಒಂದು ಡಬ್ಬ ಐತೆ. ‘ನಿಮ್ಮ ಪ್ರತಿಕ್ರಿಯೆ ಬರೆಯಿರಿ’ ಅಂತವ್ರೆ. ಬರಿ ಅಂತ ಅವ್ರೇ ಕೇಳ್ತಾವ್ರೆ, ಬರಿಯೋದಲ್ವಾ?”

“ಏನಂತ?”

“ಇನ್ನೇನಂತ? ನಾಕು ಸಾಲು.”

ಅವನು ಹೇಳಿದ, ಅವಳು ಬರೆದಳು. ಎಷ್ಟೋ ವರ್ಷ ಕೇಳಿ ಕೇಳಿ ಆ ಸಾಲುಗಳ ನಡಿಗೆ ಅವನ ನಾಲಗೆಯಲ್ಲೇ ಇತ್ತು.

‘ಕುಪ್ಪುಸ್ವಾಮಿ (71), ಚಾಂಪಿಯನ್ ರೀಫ್ಸ್. ಚಿನ್ನದ ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸಗಾರರಾಗಿದ್ದರು. ಮೃತರಿಗೆ ಪತ್ನಿ, ಇಬ್ಬರು ಪುತ್ರರು ಹಾಗೂ ಪುತ್ರಿ ಇದ್ದಾರೆ. ಅಂತ್ಯಕ್ರಿಯೆ ಚಾಂಪಿಯನ್ ರೀಫ್ಸ್‌ನ ರುದ್ರಭೂಮಿಯಲ್ಲಿ ನೆರವೇರಿತು.’

ಒತ್ತಿದರೆ ಅಲ್ಲೇ ಕೂತಿತು, ಅವನ ಮುಗಿದ ಕೈಗಳ ಕೆಳಗೆ. ಬೆಳಿಗ್ಗೆ ಮಾರಿಯಮ್ಮನನ್ನು ಕರೆದು ತೋರಿಸೋಣವೆಂದರೆ ಮಾಯವಾಗಿತ್ತು. ‘ಈ ಪ್ರತಿಕ್ರಿಯೆ ವಿಷಯಕ್ಕೆ ಸಂಬಂಧಿಸಿಲ್ಲ’ ಎಂಬ ಬೂದು ಬಣ್ಣದ ಸಾಲು ಮಾತ್ರ ಉಳಿದಿತ್ತು.

“ಸಂಬಂಧ ಇಲ್ವಂತೆ” ಅಂದಳು ತಾಯಮ್ಮ.

“ಇನ್ನೊಂದ್ ಕಿತ ಬರಿ.”

ಬರೆದಳು. ಅಳಿಸಿದರು. ಮತ್ತೆ ಬರೆದಳು. ಅಷ್ಟರಲ್ಲಿ ಸುದ್ದಿ ಹರಡಿ, ಆಂಡರ್ಸನ್‌ಪೇಟೆಯ ಟೈಲರೊಬ್ಬ ಬಂದು, “ನಮ್ಮ ಭಾವ ವೇಣುಗೋಪಾಲಂದೂ ಹಾಕೊಡಮ್ಮ, ಓದ ವಾರ ಓಗ್ಬುಟ್ಟ” ಅಂದ. ಕೋರಮಂಡಲ್‌ನಿಂದ ಒಬ್ಬಳು ಅತ್ತೆಯ ಹೆಸರು ಹೇಳಿ ಅತ್ತಳು. ಕಾಮಸಮುದ್ರದ ಬಸ್ಸಿನ ಕಂಡಕ್ಟರು ತನ್ನ ಹಳ್ಳಿಯ ಕುರಿ ಕಾಯುವ ಮುದುಕನದನ್ನು ಹಾಕಬೇಕೆಂದ. ಟೈಪು ಬರುವವರು ತಮ್ಮ ಫೋನಿನಲ್ಲಿ, ಬಾರದವರದು ತಾಯಮ್ಮನ ಫೋನಿನಲ್ಲಿ. ಕೋದಂಡಪ್ಪನ ಫೋಟೊದ ಕೆಳಗೆ ಸತ್ತವರ ಸಾಲು ಬೆಳೆಯುತ್ತ ಹೋಯಿತು. ಕಡೆಗೊಂದು ದಿನ ಡಬ್ಬವೇ ಇರಲಿಲ್ಲ. ‘ಪ್ರತಿಕ್ರಿಯೆಗಳನ್ನು ಮುಚ್ಚಲಾಗಿದೆ’ ಅಂತಿತ್ತು.

ಅವತ್ತು ಅಂಗಡಿಯ ಮುಂದೆ ನಿಂತವರೆಲ್ಲ ಸಪ್ಪಗಾದರು. ಆಟೊದವನು, “ಅವ್ರ ಮನೆ, ಅವ್ರ ಬಾಗ್ಲು. ಮುಚ್ಕೊಂಡ್ರೆ ನಾವೇನ್ ಮಾಡೋಕಾಯ್ತದೆ” ಅಂದ.

ಕೋದಂಡಪ್ಪ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡ ಊದುತ್ತಿದ್ದ. ಊದುವುದನ್ನು ನಿಲ್ಲಿಸಿದ. ಕಣ್ಣು ಮುಚ್ಚಿದ. ಸಭೆಯ ದಿನ ಪೀಠದ ಮುಂದೆ ನಿಂತಿದ್ದ ಹುಡುಗಿಯ ಕಂಠ ಮೊದಲಿಂದ ಕಿವಿಯಲ್ಲಿ ಹಾಯಿತು.

“ತಾಯಮ್ಮ, ಚಿನ್ನದ ದರ ತೆಗಿ” ಅಂದ.

“ಯಾಕೆ, ನಂಗೇನಾದ್ರೂ ಮಾಡಿಸ್ತೀಯಾ?”

“ತೆಗಿಯೇ. ಅದನ್ನ ಮುಟ್ಟೋ ಧೈರ್ಯ ಅವ್ರ ಸಂಪಾದಕರಿಗೂ ಇಲ್ವಂತೆ. ಆವಮ್ಮನೇ ಯೋಳ್ತು.”

ತಾಯಮ್ಮ ತೆಗೆದಳು. ಇವತ್ತಿನ ದರ ಮೇಲಿತ್ತು, ಏರಿದೆ ಅಂತ ಹಸಿರು ಬಾಣ. ಅದರ ಕೆಳಗೆ ಒಡವೆ ಅಂಗಡಿಯ ಜಾಹೀರಾತು, ಅದರ ಕೆಳಗೆ ಡಬ್ಬ. ಅಲ್ಲಿ ನಾಡಿನ ಜನವೆಲ್ಲ ಸೇರಿ, ಇವತ್ತು ಕೊಳ್ಳಬಹುದೇ, ನಾಳೆ ಇಳಿಯುತ್ತದೆಯೇ ಅಂತ ಕೇಳಿಕೊಳ್ಳುತ್ತಿದ್ದರು. ಅವರ ನಡುವೆ ಹೋಗಿ ಕೂತ ಕುಪ್ಪುಸ್ವಾಮಿ, ಚಾಂಪಿಯನ್ ರೀಫ್ಸ್.

ಅರ್ಧ ಗಂಟೆಯೊಳಗೆ ಹಾವೇರಿ ಕಡೆಯ ಒಬ್ಬಳು ಕೇಳಿದಳು, ಇವರು ಯಾರು ಅಂತ. ಇನ್ನೊಬ್ಬ ‘ಓಂ ಶಾಂತಿ’ ಅಂದ. ಮತ್ತೊಬ್ಬಳಿಗೆ ಸಿಟ್ಟು ಬಂತು: ಮಗಳ ಮದುವೆಗೆ ಒಡವೆ ನೋಡಲು ಬಂದರೆ ಸಾವಿನ ಸುದ್ದಿ, ಅಪಶಕುನ, ಇವರಿಗೆ ಬೇರೆ ಜಾಗ ಸಿಗಲಿಲ್ಲವೇ? ತಾಯಮ್ಮ ಅದನ್ನು ಗಟ್ಟಿಯಾಗಿ ಓದಿದಳು. ಯಾರ ಅಪ್ಪಣೆಗೂ ಕಾಯದೆ ತಾನೇ ಉತ್ತರ ಬರೆದಳು. ಬರೆದದ್ದನ್ನೂ ಓದಿ ಹೇಳಿದಳು: “ನಿಮ್ ಮನೆ ಒಡವೆಗೆ ಭೂಮಿ ಒಳಗಿಂದ ಚಿನ್ನ ತಂದಿದ್ದು ಇಂತೋರೇ ಕಣಮ್ಮ. ಮಗಳು ಚೆನ್ನಾಗಿರ್ಲಿ.”

ಅಲ್ಲಿಂದ ಶುರುವಾಯಿತು. ಇವರು ಬರೆಯುವುದು, ಅವರು ಅಳಿಸುವುದು. ಆದರೆ ಅಲ್ಲಿ ಡಬ್ಬ ಮುಚ್ಚುವ ಹಾಗಿರಲಿಲ್ಲ. ದರ ನೋಡಲು ಬಂದವರು ಕೆಲವರು ಹೆಸರು ನೋಡಲು ಕಾಯತೊಡಗಿದರು. ‘ನಿನ್ನೆ ಆ ಕುರಿ ಕಾಯುವ ಅಜ್ಜನ ಹೆಸರಿತ್ತು, ಯಾಕೆ ತೆಗೆದಿರಿ?’ ಅಂತ ಯಾವುದೋ ಊರಿನವರು ಪತ್ರಿಕೆಯನ್ನೇ ಕೇಳಿದರು.

ಕರುಮಾದಿಗೆ ಎರಡು ದಿನವಿರುವಾಗ ಶ್ಯಾಮಲಾ ತಾನೇ ಬಂದಳು, ಜೊತೆಗೆ ಸುಧಾಕರ್. ಇಸ್ತ್ರಿ ಅಂಗಡಿಯ ಮುಂದೆ ಕಾರು ನಿಂತಾಗ ಮಾರಿಯಮ್ಮ ಅಲ್ಲೇ ಇದ್ದಳು. ತಾಯಮ್ಮ ಸ್ಟೂಲು ಒರೆಸಿ ಕೊಟ್ಟಳು. ಬಿಸಿಲಿಗೆ ಶ್ಯಾಮಲಾಳ ಮುಖ ಕೆಂಪಾಗಿತ್ತು.

“ನೀವೇ ಅಲ್ವಾ ಆವತ್ತು ಮುಂದೆ ಕೂತಿದ್ದು?” ಎಂದಳು. “ಅಷ್ಟು ಚೆನ್ನಾಗಿ ಕೇಳಿಸ್ಕೊಂಡವರು ನನಗೆ ಯಾವೂರಲ್ಲೂ ಸಿಗಲಿಲ್ಲ. ಆವತ್ತೇ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗ್ತಿತ್ತಾ ಸರ್?”

“ನೀವು ಮುಗಿಸ್ಲಿ ಅಂತಿದ್ದೆ ತಾಯಿ.”

“ಮುಗಿಸಿದ್ನಲ್ಲ.”

“ಎಲ್ ಮುಗಿಸಿದ್ರಿ, ಎದ್ ಒಂಟೋದ್ರಿ” ಅಂದಳು ತಾಯಮ್ಮ. ಆಟೊದವನು ನಕ್ಕ. ಶ್ಯಾಮಲಾಳಿಗೂ ನಗು ಬಂದು ಹೋಯಿತು.

ಅವಳು ಮಾರಿಯಮ್ಮನ ಕಡೆ ತಿರುಗಿದಳು. “ಅಮ್ಮಾ, ನಾನು ಮ್ಯಾನೇಜ್‌ಮೆಂಟ್ ಹತ್ತಿರ ಮಾತಾಡ್ಕೊಂಡೇ ಬಂದಿದೀನಿ. ನಿಮ್ಮ ಯಜಮಾನ್ರದು ‘ಸ್ಮರಣೆ’ಯಲ್ಲಿ ಹಾಕ್ತೀವಿ. ಎಲ್ಲಕ್ಕಿಂತ ದೊಡ್ಡದು, ಫೋಟೊ, ದೀಪ, ಹೂವು ಎಲ್ಲ. ಒಂದು ವರ್ಷ ಇರುತ್ತೆ. ನೀವೇನೂ ಕೊಡಬೇಕಾಗಿಲ್ಲ. ಚಿನ್ನದ ಪುಟದಲ್ಲಿ ಬರೆಯೋದು ಮಾತ್ರ ನಿಲ್ಲಿಸ್ಬೇಕು. ಎಲ್ಲರೂ.”

ಕೋದಂಡಪ್ಪ ಮಾರಿಯಮ್ಮನನ್ನು ನೋಡಲಿಲ್ಲ. ಬರುತ್ತದೆ ಅಂತ ಮಾತು ಕೊಟ್ಟವನು ಅವನು. ಈಗ ಬರುತ್ತದೆ, ಕೇಳಿದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಬೇಡ ಅನ್ನುವ ಹಕ್ಕು ಅವನದಲ್ಲ.

“ನಮ್ಮೋರ್ದು ಒಂದೇನಾ?” ಅಂದಳು ಮಾರಿಯಮ್ಮ.

“ಹೌದಮ್ಮ. ಅಷ್ಟೇ ನನ್ನ ಕೈಲಾಗಿದ್ದು.”

“ಅವ್ರ ಭಾವಂದು?” ಗುಂಪಿನಲ್ಲಿದ್ದ ಟೈಲರನ ಕಡೆ ಕೈ ತೋರಿಸಿದಳು. “ಆ ಕುರಿ ತಾತಂದು? ನಾಳೆ ಸಾಯೋರ್ದು?”

ಶ್ಯಾಮಲಾ ಇಲ್ಲವೆಂದು ತಲೆಯಾಡಿಸಿದಳು.

ಮಾರಿಯಮ್ಮ ಸೆರಗು ಹೊದ್ದುಕೊಂಡಳು. “ಅಮ್ಮಾ, ಗಣಿಯಲ್ಲಿ ಒಬ್ಬನ್ನೇ ಕೆಳಗೆ ಇಳಿಸ್ತಿರಲಿಲ್ಲ. ಇಳಿಸೋ ಕೇಜ್ ತುಂಬಬೇಕು. ಎಲ್ರೂ ತೋಳಿಗೆ ತೋಳು ಅಂಟ್ಕೊಂಡ್ ನಿಂತ್ಮೇಲೇನೇ ಬೆಲ್ಲು ಹೊಡೀತಿದ್ದಿದ್ದು. ನಮ್ಮೋರು ಇಷ್ಟು ವರ್ಷ ಎಲ್ರ ಜೊತೆ ಇಳ್ದು ಎಲ್ರ ಜೊತೆ ಹತ್ತಿದೋರು. ಈಗ ಒಬ್ರನ್ನೇ ಮೇಲೆ ಕೂರಿಸಿ ದೀಪ ಹಚ್ತೀರಾ? ವೇಂಡಾಮ್. ಬೇಡ.”

“ಯೋಚ್ನೆ ಮಾಡಮ್ಮ” ಅಂದ ಸುಧಾಕರ್. “ಇನ್ನೊಂದ್ ಸಲ ಇಂಥದ್ದು ಸಿಗಲ್ಲ.”

“ಯೋಚ್ನೆ ಮಾಡೇ ಹೇಳಿದ್ದು ಸಾರ್.”

ಕೋದಂಡಪ್ಪ ಟವೆಲ್ಲಿನಿಂದ ಕೈ ಒರೆಸಿಕೊಂಡು ಅಂಗಡಿಯಿಂದ ಕೆಳಗಿಳಿದ. ಶ್ಯಾಮಲಾಳ ಮುಂದೆ ನಿಂತು, “ವಿಡಿಯೊ ತೆಗೀರಿ ತಾಯಿ” ಅಂದ.

“ಏನು?”

“ಆವತ್ತಿನದು ತೋರ್ಸಿ ಒಪ್ಪವ್ರೆ ಅಂದ್ರಲ್ಲ, ಇವತ್ತಿಂದೂ ತೆಗೀರಿ. ಫೋನ್ ತಗೀರಿ.”

ಅವಳು ಸುಧಾಕರನನ್ನು ನೋಡಿದಳು. ಆಮೇಲೆ ಚೀಲದಿಂದ ಫೋನು ತೆಗೆದು ಎತ್ತಿ ಹಿಡಿದಳು.

“ನನ್ ಎಸ್ರು ಕೋದಂಡಪ್ಪ” ಅಂದ ಅವನು, ಕಣ್ಣು ಪೂರ್ತಿ ತೆರೆದು. “ನಿಮ್ ಪೇಪರಲ್ಲಿ ಕೈ ಮುಗ್ಕೊಂಡ್ ಕುಂತಿರೋನು ನಾನೇ. ನಾನು ಒಪ್ಪಿಲ್ಲ. ಆವತ್ತೂ ಒಪ್ಪಿರ್ಲಿಲ್ಲ, ಇವತ್ತೂ ಒಪ್ಪಲ್ಲ. ನಿಮ್ ದೀಪ ಚೆನ್ನಾಗೈತೆ, ಕಾಸಿದ್ದೋರು ಹಚ್ಕೊಳ್ಲಿ. ಆ ನಾಕು ಸಾಲು ನಮ್ದು. ಅದನ್ನ ತಿರುಗಾ ಆಕೋ ಗಂಟ ಚಿನ್ನದ ಕೆಳಗೆ ಬರೀತೀವಿ. ಅಳಿಸ್ತೀವಿ ಅಂದ್ರೆ ಅಳಿಸಿ. ನಿಮ್ಮಲ್ಲಿ ಅಳಿಸೋರಿಗೆ ಸಂಬಳ ಕೊಡಬೇಕು, ನಮ್ಮಲ್ಲಿ ಬರಿಯೋರಿಗೆ ಕೊಡೋದ್ ಬ್ಯಾಡ. ನನ್ ಫೋಟೊ ಮಾತ್ರ ಇವತ್ತೇ ತೆಗೀರಿ. ಆಯ್ತು, ಅಷ್ಟೆ.”

ಶ್ಯಾಮಲಾ ಫೋನು ಇಳಿಸಿದಳು. “ಕಳಿಸ್ತೀನಿ” ಎಂದಳು. “ಒಪ್ತಾರೆ ಅಂತ ನಾನು ಹೇಳಲ್ಲ.”

“ಕಳ್ಸಿ ತಾಯಿ. ಕಾಫಿ ಕುಡ್ಕೊಂಡ್ ಓಗಿ.”

ಕುಡಿದಳು, ನಿಂತೇ ಕುಡಿದಳು. ಲೋಟ ಕೊಡುವಾಗ ತಾಯಮ್ಮನಿಗೆ ಮಾತ್ರ ಕೇಳುವ ಹಾಗೆ, “ಮಧ್ಯಾಹ್ನದ ಹೊತ್ತು ಅಳಿಸೋ ಕೆಲಸಕ್ಕೆ ಒಬ್ಬನೇ ಇರ್ತಾನೆ” ಅಂದು ಕಾರು ಹತ್ತಿದಳು.

ಕರುಮಾದಿಯ ದಿನ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹೊಸೂರಿನಿಂದ, ವೆಲ್ಲೂರಿನಿಂದ ನೆಂಟರು ಬಂದಿದ್ದರು. ಶನಿವಾರದ ಮಂದಿಯೆಲ್ಲ ಇದ್ದರು. ಪತ್ರಿಕೆಯ ಜಿಲ್ಲೆಯ ಪುಟದಿಂದ ಕೋದಂಡಪ್ಪನ ಫೋಟೊ ಹಿಂದಿನ ರಾತ್ರಿಯೇ ಹೋಗಿತ್ತು. ಅಂಕಣ ಬಂದಿರಲಿಲ್ಲ. ತಾಯಮ್ಮ ಬೆಳಿಗ್ಗೆ ಬರೆದದ್ದನ್ನು ಮಾರಿಯಮ್ಮನಿಗೆ ಓದಿ ಹೇಳಲು ಫೋನು ತೆರೆದಳು. ಆಗಲೇ ಅಳಿಸಿದ್ದರು.

ಮಾರಿಯಮ್ಮ ಪೂಜೆಗೆ ಇಟ್ಟಿದ್ದ ಗಂಡನ ಫೋಟೊದ ಕಡೆ ನೋಡಿದಳು.

ಕೋದಂಡಪ್ಪ ಎದ್ದು ನಿಂತ. ಮಧ್ಯಾಹ್ನದ ಎಲೆ ಹಾಕುವ ಮುಂಚೆಯೇ, ಯಾರೂ ಕೇಳದೆಯೇ ಎದ್ದು ನಿಂತ. “ಫೋನಿರೋರೆಲ್ಲ ತಗೀರಿ” ಅಂದ. “ಚಿನ್ನದ ದರ ತೆಗೀರಿ. ನಾನು ಯೋಳ್ತೀನಿ, ನೀವು ಬರೀರಿ.”

ಆ ಜನ ಅವನ ಕಂಠ ಅಷ್ಟು ಗಟ್ಟಿಯಾಗಿ ಕೇಳಿದ್ದು ಅವತ್ತೇ. ವಾಚನದವರು ಪದ ಬಿಡಿಸುವ ಹಾಗೆ ಒಂದೊಂದೇ ಸಾಲು ಬಿಡಿಸಿ ಹೇಳಿದ. ಕುಪ್ಪುಸ್ವಾಮಿ, ಎಪ್ಪತ್ತೊಂದು, ಚಾಂಪಿಯನ್ ರೀಫ್ಸ್. ಶಾಮಿಯಾನದ ಕೆಳಗೆ ತಲೆಗಳೆಲ್ಲ ಬಗ್ಗಿದವು. ಕನ್ನಡ ಬಾರದವರು ತಮಿಳಿನಲ್ಲಿ ಬರೆದರು, ಆಂಧ್ರ ಗಡಿಯಾಚೆಯ ನೆಂಟರು ತೆಲುಗಿನಲ್ಲಿ. ಒಲೆಯ ಹತ್ತಿರದಿಂದ ಅಡಿಗೆಯವನೂ ಕೈ ಒರೆಸಿಕೊಂಡು ಬಂದ. ಅಲ್ಲಿದ್ದ ಇಬ್ಬರು ನಿಂತಲ್ಲಿಂದಲೇ ಬೇರೆ ಊರಿನ ತಮ್ಮವರಿಗೆ ಫೋನು ಮಾಡಿ ಬರೆಯಿರಿ ಅಂದರು.

ತಾಯಮ್ಮ ಪುಟವನ್ನು ಎಳೆದು ಬಿಟ್ಟಳು. ಕುಪ್ಪುಸ್ವಾಮಿ. ಅವನ ಕೆಳಗೆ ಕುಪ್ಪುಸ್ವಾಮಿ, ಅದರ ಕೆಳಗೆ ಮತ್ತೆ. ಒಂದು ಅಳಿದರೆ ಬೆರಳು ಸರಿಸುವಷ್ಟರಲ್ಲಿ ಇನ್ನೊಂದು. ದರ ಕೇಳಲು ಬಂದ ಯಾರೋ ಒಬ್ಬ, ತಾನೂ ಅದೇ ನಾಲ್ಕು ಸಾಲನ್ನು ಎತ್ತಿ ಮತ್ತೊಮ್ಮೆ ಹಾಕಿದ್ದ.

“ಓದಮ್ಮ” ಅಂದಳು ಮಾರಿಯಮ್ಮ.

ತಾಯಮ್ಮ ಓದಿದಳು. ನಾಲ್ಕನೆಯ ಸಾಲು ಮುಗಿಯಿತು. ಮಾರಿಯಮ್ಮ ಫೋನಿನ ಮೇಲೆ ಕೈಯಿಟ್ಟು, ಪುಟ ಹಾಗೇ ನಿಲ್ಲುವಂತೆ ಹಿಡಿದಳು.

“ಇನ್ನೊಂದ್ ಸಲ. ಸ್ವಲ್ಪ ಜೋರಾಗಿ, ಹಿಂದೆ ಕೂತಿರೋರ್ಗೂ ಕೇಳ್ಸ್ಲಿ.”